ಉಮ್ಮನ ಹೊಸ ತಂಡೇಲ

ಯಾವುದೋ ದೇಶದ ಹಳೆಯ ಟಿ.ವಿ. ಧಾರಾವಾಹಿಗೆ ಹೊಸ ನಾಯಕ ಬಂದನಂತೆ ಎಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಚಿತ್ರದೊಡನೆ ಕಂಡರೆ, ನಾನು ಮೊದಲು ನೋಡುವುದು ಆತನ ಮುಖವನ್ನಲ್ಲ, ಆತ ಕೂತ ರೀತಿಯನ್ನು. ಬೆನ್ನು ಒರಗಿಸಿ ಕೂತಿದ್ದಾನೋ, ಕುರ್ಚಿಯ ತುದಿಯಲ್ಲಿ ಕೂತಿದ್ದಾನೋ? ಹೀಗೆ ನೋಡುವುದನ್ನು ನನಗೆ ಕಲಿಸಿದವರು ಕರಾವಳಿಯ ಎರ್ಮಾಳಿನ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು. ಅವರಿಗೆ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಒಂದು ಇಂಗ್ಲಿಷ್ ಧಾರಾವಾಹಿಯನ್ನು ನೆರೆಕರೆಯ ಹೆಂಗಸರಿಗೆ ವರ್ಷಗಟ್ಟಲೆ ಅರ್ಥ ಹೇಳಿ ತೋರಿಸಿದವರು ಅವರೇ.

ಊರಿಗೆಲ್ಲ ಅವರು ಉಮ್ಮ. ಬ್ಯಾರಿ ಭಾಷೆಯಲ್ಲಿ ಹಾಗೆಂದರೆ ಅಮ್ಮ. ಅವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ದೊಡ್ಡ ಮಗಳು ಮದುವೆಯಾಗಿ ಹೋಗಿದ್ದಳು, ಮಗ ದುಬೈಯಲ್ಲಿ ಟಿ.ವಿ. ರಿಪೇರಿ ಅಂಗಡಿಯಲ್ಲಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಪುವಿನ ಒಂದು ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಬಂದಾಗ, ಅವರ ಹಿತ್ತಿಲಿನಲ್ಲೇ ಇದ್ದ ಎರಡು ಕೋಣೆಯ ಸಣ್ಣ ಮನೆ ನನಗೆ ಬಾಡಿಗೆಗೆ ಸಿಕ್ಕಿತು. ಕಾರ್ಕಳದಿಂದ ನನ್ನ ಟ್ರಂಕು ಹೊತ್ತು ತಂದ ಅಪ್ಪ, ಗುರುತು ಪರಿಚಯವಿಲ್ಲದ ಊರಿನಲ್ಲಿ ಒಂಟಿ ಹುಡುಗಿಯನ್ನು ಬಿಡುವುದೋ ಬೇಡವೋ ಎಂದು ಗೇಟಿನಲ್ಲೇ ನಿಂತುಬಿಟ್ಟಿದ್ದರು. ಉಮ್ಮ ಕೊಡಪಾನದೊಂದಿಗೆ ಬಾವಿಕಟ್ಟೆಯಿಂದ ಬಂದವರು ಅವರ ಮುಖ ನೋಡಿದರು.

"ಮೊದಲು ನಮ್ಮ ಬಾವಿಯ ನೀರು ಕುಡಿಯಿರಿ. ಸಮುದ್ರ ಇಷ್ಟು ಹತ್ತಿರ ಉಂಟು, ಆದರೂ ಉಪ್ಪಿಲ್ಲ. ಉಪ್ಪು ಅಂತ ಕಂಡರೆ ಮಗಳನ್ನು ಈಗಲೇ ಕರೆದುಕೊಂಡು ಹೋಗಿ."

ಅಪ್ಪ ಎರಡು ಲೋಟ ಕುಡಿದರು. ಮೂರನೆಯದಕ್ಕೆ ಕೈ ಚಾಚುವಾಗ ಟ್ರಂಕನ್ನು ಕೆಳಗಿಟ್ಟರು.

ಉಮ್ಮನದು ಗಿಡ್ಡ ದೇಹ, ದೊಡ್ಡ ಧ್ವನಿ. ತಟ್ಟದ ತುದಿಗೆ ಕಟ್ಟಿದ ಬೀಗದ ಕೈಗಳು ಅವರು ಬರುವುದನ್ನು ಮೊದಲೇ ಸಾರುತ್ತಿದ್ದವು. ತಟ್ಟವೆಂದರೆ ಬ್ಯಾರಿ ಹೆಂಗಸರು ತಲೆಗೆ ಹೊದೆಯುವ ಬಟ್ಟೆ. ಬೆಳಿಗ್ಗೆ ಸುತ್ತಲಿನ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಿದ್ದರು. ಯಾರಾದರೂ ಏನನ್ನಾದರೂ ಗಮನಿಸದೆ ಹೋದರೆ ಸಾಕು, "ಕಣ್ಣು ಕೊಟ್ಟದ್ದು ಎಂತಕ್ಕೆ, ಕಣ್ಣು?" ಎಂದು ಗದರುತ್ತಿದ್ದರು. ಈ ಗದರಿಕೆಯನ್ನು ಮಕ್ಕಳು, ಹಾಲಿನವನು, ಅಂಚೆಯವರು, ನಾನು, ಎಲ್ಲರೂ ಕೇಳಿದ್ದೇವೆ.

ಮಗ ಒಂದು ಟಿ.ವಿ., ಒಂದು ವಿ.ಸಿ.ಆರ್. ಕಳುಹಿಸಿದ್ದ. ಅಲ್ಲಿಯ ಟಿ.ವಿ.ಯಲ್ಲಿ ವಾರವಾರ ಬರುತ್ತಿದ್ದ ಒಂದು ಇಂಗ್ಲಿಷ್ ಧಾರಾವಾಹಿಯನ್ನು ಕ್ಯಾಸೆಟ್ಟಿಗೆ ತುಂಬಿಸಿ, ಊರಿಗೆ ರಜೆಯಲ್ಲಿ ಬರುವವರ ಕೈಯಲ್ಲಿ ಕೊಡುತ್ತಿದ್ದ. ಭೂಮಿಯನ್ನು ಕಳೆದುಕೊಂಡ ಒಂದು ಗುಂಪು ದೊಡ್ಡ ಹಡಗಿನಲ್ಲಿ ನಕ್ಷತ್ರಗಳ ನಡುವೆ ಅಲೆಯುತ್ತ ನೆಲೆಸಲು ಹೊಸ ಗ್ರಹ ಹುಡುಕುವ ಕಥೆ. ಬಿಳಿ ಗಡ್ಡದ ಕ್ಯಾಪ್ಟನ್ ಒಬ್ಬ, ನೀಲಿ ಮೈಬಣ್ಣದ ಎತ್ತರದ ಹೆಂಗಸೊಬ್ಬಳು, ಗಾಲಿಯ ಮೇಲೆ ಓಡಾಡುವ ಪೆಟ್ಟಿಗೆಯಂಥ ಯಂತ್ರವೊಂದು. ಉಮ್ಮನ ಬಾಯಲ್ಲಿ ಹಡಗು ದೋಣಿಯಾಗಿತ್ತು. ನಮ್ಮ ಕಡಲ ಕರೆಯಲ್ಲಿ ದೋಣಿಯ ಯಜಮಾನನನ್ನು ತಂಡೇಲ ಎನ್ನುತ್ತಾರೆ. ಆದ್ದರಿಂದ ಕ್ಯಾಪ್ಟನ್ ತಂಡೇಲನಾದ. ನೀಲಿ ಹೆಂಗಸು ನೀಲಿ, ಯಂತ್ರ ಡಬ್ಬಿ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಬೀಳುತ್ತಿತ್ತು. ಎಲ್ಲೂರಿನ ತನಕ ಮೀನು ಮಾರಿ ಬಂದ ಗಿರಿಜಕ್ಕ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು ಬಂದು ಎದುರಿನ ಸಾಲಿನಲ್ಲಿ ಕೂರುತ್ತಿದ್ದಳು. ಪಕ್ಕದ ಮನೆಯ ಮೈಮುನಾ ತಡ್ಪೆಯಲ್ಲಿ, ಅಂದರೆ ಮೊರದಲ್ಲಿ, ಬೀಡಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುತ್ತಲೇ ನೋಡುತ್ತಿದ್ದಳು. ಇನ್ನೂ ಹತ್ತು ಹದಿನೈದು ಮಂದಿ. ಗಂಡಸರಿಗೆ ಪ್ರವೇಶವಿರಲಿಲ್ಲ. ಉಮ್ಮ ಬಿಸ್ಮಿಲ್ಲಾ ಹೇಳಿ ಕ್ಯಾಸೆಟ್ ತಳ್ಳಿ, ಟಿ.ವಿ.ಯ ಪಕ್ಕದ ಸ್ಟೂಲಿನಲ್ಲಿ ನಮ್ಮ ಕಡೆ ಅರ್ಧ, ಪರದೆಯ ಕಡೆ ಅರ್ಧ ತಿರುಗಿ ಕೂರುತ್ತಿದ್ದರು. ಕಥೆ ಹೇಳುತ್ತಿದ್ದುದು ತುಳುವಿನಲ್ಲಿ. ನನ್ನೊಬ್ಬಳ ಹತ್ತಿರ, ಟೀಚರೆಂಬ ಮರ್ಯಾದೆಗೆ, ಕನ್ನಡ. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಪರದೆಯ ಅಡಿಯಲ್ಲಿ ಅರಬ್ಬಿ ಅಕ್ಷರಗಳಲ್ಲಿ ಮಾತಿನ ಅರ್ಥ ಮೂಡಿ ಮಾಯವಾಗುತ್ತಿತ್ತು. ಉಮ್ಮನಿಗೆ ಅರಬ್ಬಿ ಓದಲು ಬರುತ್ತಿತ್ತು, ಭಾಷೆ ಬರುತ್ತಿರಲಿಲ್ಲ. ಕುರ್‌ಆನಿನಿಂದ ಪರಿಚಯವಿದ್ದ ನಾಲ್ಕಾರು ಶಬ್ದಗಳನ್ನು ಹಾರುವ ಹಕ್ಕಿ ಹಿಡಿದ ಹಾಗೆ ಹಿಡಿಯುತ್ತಿದ್ದರು. "ಸಮಾ! ಆಕಾಶದ ವಿಷಯ ಮಾತಾಡುತ್ತಾನೆ. ನಾರ್, ನಾರ್! ಬೆಂಕಿ ಬೀಳುತ್ತದೆ ಈಗ, ನೋಡಿ!" ಬೆಂಕಿ ಬಿದ್ದೇ ಬೀಳುತ್ತಿತ್ತು. ಅಕ್ಷರಗಳ ಮೇಲೆ ಕೆಳಗೆ ಹಾಕಬೇಕಾದ ಸ್ವರಚಿಹ್ನೆಗಳನ್ನು ಟಿ.ವಿ.ಯವರು ಹಾಕದಿರುವುದು ಮಾತ್ರ ಅವರಿಗೆ ಸಹಿಸಲಾಗುತ್ತಿರಲಿಲ್ಲ. "ಉದಾಸೀನದವರು. ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದೆ."

ಉಳಿದದ್ದೆಲ್ಲ ಅವರದೇ.

"ಇವರು ಊಟಕ್ಕೆ ಎಂತ ಮಾಡುತ್ತಾರೆ ಉಮ್ಮ? ಒಲೆಯೇ ಕಾಣುವುದಿಲ್ಲವಲ್ಲ," ಎಂದು ಗಿರಿಜಕ್ಕ ಕೇಳಿದರೆ, "ಗುಳಿಗೆ ನುಂಗುತ್ತಾರೆ. ಅದಕ್ಕೇ ಎಲ್ಲರ ಮುಖ ಹಾಗೆ ಬಾಡಿದ್ದು," ಎಂಬ ಉತ್ತರ ಸಿದ್ಧ.

ನಾನು ಹೋಗಿ ಸೇರಿದ ಮೂರನೆಯ ವಾರ ಒಂದು ಘಟನೆ ನಡೆಯಿತು. ಪರದೆಯಲ್ಲಿ ಕ್ಯಾಪ್ಟನ್ ನೀಲಿಯನ್ನು ಕರೆದು ಗಂಭೀರವಾಗಿ ಏನೋ ಹೇಳಿದ. ಉಮ್ಮ ಅರ್ಥ ಹೇಳಿದರು: "ತಾಯಿಗೆ ಕಾಗದ ಬರೆಯದೆ ಎಷ್ಟು ಸಮಯ ಆಯಿತು ಮಗಳೇ, ಅಂತ ಕೇಳುತ್ತಿದ್ದಾನೆ. ಅವಳಿಗೆ ನಾಚಿಕೆ ಆಯಿತು, ನೋಡಿ."

ಹೆಂಗಸರೆಲ್ಲ ನಿಟ್ಟುಸಿರಿಟ್ಟರು. ನನಗೆ ಆಗ ಇಪ್ಪತ್ತಮೂರು ವರ್ಷ, ಬಿ.ಎಡ್. ಮುಗಿದು ಆರು ತಿಂಗಳು. ಬಾಯಿ ಸುಮ್ಮನಿರಲಿಲ್ಲ.

"ಅದಲ್ಲ ಉಮ್ಮ. ಇಂಧನ ಎರಡು ದಿನಕ್ಕೆ ಮಾತ್ರ ಉಂಟು, ದಿಕ್ಕು ಬದಲಿಸು ಅಂತ ಹೇಳಿದ್ದು."

ಗಿರಿಜಕ್ಕ ನನ್ನ ಕಡೆ ತಿರುಗಿದಳು. "ತಾಯಿಗೆ ಕಾಗದ?"

"ತಾಯಿಯ ವಿಷಯವೇ ಬರಲಿಲ್ಲ."

ಉಮ್ಮ ನಕ್ಕರು. ಸ್ಟೂಲಿನಿಂದ ಎದ್ದು, ತಟ್ಟ ಸರಿಮಾಡಿಕೊಂಡು, "ಒಳ್ಳೆಯದಾಯಿತು ಅಲ್ವಾ? ಇಂಗ್ಲಿಷ್ ಕಲಿತವರು ನಮ್ಮಲ್ಲೇ ಇದ್ದಾರೆ. ಇನ್ನು ಟೀಚರೇ ಹೇಳಲಿ," ಎಂದು ಚಹಾ ಮಾಡಲು ಒಳಗೆ ಹೋದರು. ಆ ದಿನ ಅವರು ಮತ್ತೆ ಚಾವಡಿಗೆ ಬರಲಿಲ್ಲ. ಮುಂದಿನ ಶನಿವಾರ ಹಿತ್ತಿಲಿನಲ್ಲಿ ಅವರು ತೆಂಗಿನ ಮಡಲು ಹೆಣೆಯುವ ಶಬ್ದ ಕೇಳುತ್ತಿತ್ತು.

ಸ್ಟೂಲಿನಲ್ಲಿ ಈಗ ನಾನು. ಒಂದು ಮಾತನ್ನೂ ಬಿಡದೆ, ಒಂದು ಮಾತನ್ನೂ ಸೇರಿಸದೆ ಅರ್ಥ ಹೇಳಿದೆ. ಜ್ಯೋತಿರ್ವರ್ಷವೆಂದರೇನೆಂದು ತಿಳಿಸಲು ಕ್ಯಾಸೆಟ್ ನಿಲ್ಲಿಸಿ, ಸ್ಲೇಟಿನಲ್ಲಿ ಬರೆದು ತೋರಿಸಿದೆ. ಆ ದಿನ ಮೈಮುನಾಳ ತಡ್ಪೆಯಲ್ಲಿ ಬೀಡಿಗಳು ರಾಶಿ ಬಿದ್ದಿದ್ದವು. ನನ್ನ ವಿವರಣೆ ಅವಳಿಗೆ ಹುಮ್ಮಸ್ಸು ತಂದಿದೆ ಎಂದು ನಾನು ಬೀಗಿದೆ. ಕಥೆಯಲ್ಲಿ ಮನಸ್ಸು ಮುಳುಗಿದಾಗ ಅವಳ ಕೈ ನಿಂತುಬಿಡುತ್ತದೆ, ಉಮ್ಮನ ಕಾಲದಲ್ಲಿ ಶನಿವಾರ ಅವಳ ತಡ್ಪೆ ಅರ್ಧವೂ ತುಂಬುತ್ತಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಹೀಗಿರುವಾಗ ದುಬೈಯಿಂದ ಹೊಸ ಕ್ಯಾಸೆಟ್ ಬಂತು. ಅದೇ ಸಂಗೀತ, ಅದೇ ಹಡಗು, ಅದೇ ನೀಲಿ, ಅದೇ ಡಬ್ಬಿ. ಬಾಗಿಲು ತೆರೆಯಿತು. ಗುಂಗುರು ಕೂದಲಿನ, ಗಡ್ಡವಿಲ್ಲದ, ಮೂವತ್ತು ದಾಟದ ಒಬ್ಬ ಒಳಗೆ ಬಂದು ಕ್ಯಾಪ್ಟನ್ನಿನ ಕುರ್ಚಿಯಲ್ಲಿ ಕೂತ. ಎಲ್ಲರೂ ಅವನಿಗೆ ಗುಡ್ ಮಾರ್ನಿಂಗ್ ಕ್ಯಾಪ್ಟನ್ ಎಂದರು.

"ಇವ ಯಾರು?" ಗಿರಿಜಕ್ಕ ಕೇಳಿದಳು.

"ಕ್ಯಾಪ್ಟನ್."

"ತಂಡೇಲ ಎಲ್ಲಿ?"

"ಇವನೇ. ಹಳೆಯ ನಟ ಬಿಟ್ಟಿರಬೇಕು. ಅದೇ ಪಾತ್ರಕ್ಕೆ ಹೊಸಬನನ್ನು ಹಾಕಿದ್ದಾರೆ."

"ವೇಷ ಬದಲಾಗುವುದು ನಮಗೆ ಗೊತ್ತಿಲ್ಲವಾ ಟೀಚರೇ? ಯಕ್ಷಗಾನ ಆಟ ನೋಡಿದವರು ನಾವು. ಒಂದೇ ರಾತ್ರಿಯಲ್ಲಿ ಒಬ್ಬ ದೇವೇಂದ್ರನಿಗೆ ಇಬ್ಬರು ವೇಷ ಹಾಕಿದ್ದನ್ನು ಕಂಡಿದ್ದೇನೆ. ನಾನು ಕೇಳಿದ್ದು ಅದಲ್ಲ. ಅವ ಹೇಳಿ ಹೋದನಾ?"

"ಹೇಳುವುದು ಎಂತ? ಹೋದ ವಾರದ ಕೊನೆಯಲ್ಲಿ 'ಕೆಲಸ ಮುಗಿಯಿತು, ನಾಳೆ ಬೆಳಿಗ್ಗೆ ನೋಡುವ' ಎಂದನಲ್ಲ, ಅಷ್ಟೇ."

ಗಿರಿಜಕ್ಕ ಎದ್ದು ನಿಂತಳು. ಅವಳ ತಮ್ಮನೊಬ್ಬ ಬೊಂಬಾಯಿಯ ಹೋಟೆಲ್ ಕೆಲಸಕ್ಕೆಂದು ಒಂದು ಬೆಳಿಗ್ಗೆ ಮನೆಯಲ್ಲಿ ಯಾರಿಗೂ ತಿಳಿಸದೆ ಹೋದವನು, ಒಂದು ಕಾಗದವನ್ನೂ ಹಾಕಿರಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. "ಹೇಳದೆ ಹೋಗುವವರ ಕಥೆ ನನಗೆ ಬೇಡ," ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಮರುವಾರ ನಾಲ್ಕು ಮಂದಿ ಬಂದರು. ಅದರ ಮರುವಾರ ಮೈಮುನಾ ಒಬ್ಬಳೇ, ಅದೂ ಬೀಡಿ ಕಟ್ಟಲು ಫ್ಯಾನು ಇದೆಯೆಂದು.

ಆ ದಿನ ನಾನು ಟಿ.ವಿ. ಆರಿಸಿ ಅಡುಗೆಮನೆಗೆ ಹೋದೆ. ಉಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು.

"ಉಮ್ಮ, ನನ್ನಿಂದ ತಪ್ಪಾಯಿತು."

"ಎಂತ ತಪ್ಪು? ನೀವು ಹೇಳಿದ್ದು ಸರಿ ಅಲ್ವಾ?"

"ಸರಿಯೇ. ಆದರೆ ಯಾರೂ ಬರುವುದಿಲ್ಲ."

ಅವರು ನಕ್ಕರು. ರೊಟ್ಟಿ ಮಗುಚಿ ಹಾಕಿ ನನ್ನನ್ನು ನೇರ ನೋಡಿದರು. "ನನಗೆ ಬೇಸರ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ ಟೀಚರೇ. ಎರಡು ದಿನ ಊಟ ಸೇರಲಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅವರಿಗೆಲ್ಲ ಮೊದಲಿನಿಂದಲೂ ಗೊತ್ತುಂಟು. ಗೊತ್ತಿದ್ದೂ ಬಂದು ಕೂರುತ್ತಿದ್ದರು. ನೀವು ಅದನ್ನು ಎಲ್ಲರ ಎದುರು ಬಾಯಿಬಿಟ್ಟು ಹೇಳಿದಿರಿ. ಅಷ್ಟೇ."

ನನ್ನ ಕಣ್ಣು ತುಂಬಿತು. ಅವರು ಒಂದು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು.

"ಅಳಬೇಡಿ, ತಿನ್ನಿ. ನಾಳೆ ಆದಿತ್ಯವಾರ, ಬೆಳಿಗ್ಗೆ ನಾವಿಬ್ಬರೇ ಕೂತು ನೋಡುವ. ಮುದುಕನ ಕೊನೆಯ ಕ್ಯಾಸೆಟ್ಟಿನಿಂದ ಶುರು. ಯಾರು ಎಂತ ಹೇಳುತ್ತಾರೆ, ಒಂದು ಶಬ್ದ ಬಿಡದೆ ನನಗೆ ಹೇಳಬೇಕು ಆಯ್ತಾ?"

ನಾನು ಹೇಳಿದೆ. ಅವರು ಕೇಳಿಸಿಕೊಂಡ ರೀತಿ ನನಗಿನ್ನೂ ನೆನಪಿದೆ. ನನ್ನ ತರಗತಿಯಲ್ಲಿ ಒಂದು ಮಗುವೂ ಹಾಗೆ ಕೇಳಿರಲಿಲ್ಲ. ಆದರೆ ಅವರ ಪ್ರಶ್ನೆಗಳೇ ಬೇರೆ. "ಅವ ಹಾಗೆ ಹೇಳುವಾಗ ಇವಳು ಕೆಳಗೆ ನೋಡಿದ್ದು ಯಾಕೆ?" "ಹಿಂದೆ ನಿಂತವ ಉಗುಳು ನುಂಗಿದ, ಕಂಡಿತಾ?" ನನಗೆ ಯಾವುದೂ ಕಂಡಿರಲಿಲ್ಲ. ನಾನು ಮಾತುಗಳನ್ನು ಹಿಡಿಯುವ ಗಡಿಬಿಡಿಯಲ್ಲಿದ್ದೆ. ಕೊನೆಯ ದೃಶ್ಯವನ್ನು ಅವರು ಏಳು ಸಲ ಹಿಂದಕ್ಕೆ ತಿರುಗಿಸಿ ನೋಡಿದರು. ಏಳನೆಯ ಸಲ ನೋಡಿ ಮುಗಿಸಿ, "ಹಾ!" ಎಂದು ತೊಡೆಗೆ ಬಡಿದುಕೊಂಡರು.

ಅಂದು ಸಂಜೆ ಬಿಸಿಲು ತಗ್ಗಿದ ಮೇಲೆ ಉಮ್ಮ ಕೊಡೆ ಹಿಡಿದು ನನ್ನನ್ನು ಕರೆದುಕೊಂಡು ಕಡಲ ಕರೆಗೆ ನಡೆದರು. ಗಿರಿಜಕ್ಕ ಅಂಗಳದಲ್ಲಿ ಒಣಮೀನು ಒಟ್ಟುಮಾಡುತ್ತಿದ್ದಳು. ಉಮ್ಮ ಕೂರಲೂ ಇಲ್ಲ.

"ಗಿರಿಜಾ, ಅವ ಹೇಳಿಯೇ ಹೋಗಿದ್ದಾನೆ. ನಮಗೆ ಕಾಣಲಿಲ್ಲ. ಶನಿವಾರ ಬಂದು ನೋಡು."

"ಅವ ಹೇಳಲಿಲ್ಲ ಅಂತ ಟೀಚರ್ ಹೇಳಿದರಲ್ಲ?"

ಉಮ್ಮ ನನ್ನ ಕಡೆ ನೋಡಲಿಲ್ಲ. "ಟೀಚರ್ ಮಾತು ಕೇಳಿದ್ದು, ನಾನು ಕೈ ನೋಡಿದ್ದು. ಎರಡೂ ಬೇಕು," ಎಂದರು.

ಆ ಶನಿವಾರ ಚಾಪೆ ಸಾಲಲಿಲ್ಲ. ಉಮ್ಮ ಸ್ಟೂಲಿನಲ್ಲಿ ಕೂತರು, ನಾನು ಅವರ ಕಾಲ ಬಳಿ. ಮುದುಕ ಕ್ಯಾಪ್ಟನ್ನಿನ ಕೊನೆಯ ದೃಶ್ಯ. ಅವನು ಕುರ್ಚಿಯಿಂದ ಏಳುತ್ತಾನೆ.

"ಟೀಚರೇ, ಎಂತ ಹೇಳಿದ?"

"'ಕೆಲಸ ಮುಗಿಯಿತು. ನಾಳೆ ಬೆಳಿಗ್ಗೆ ನೋಡುವ.'"

"ಬಾಯಲ್ಲಿ ಹೇಳಿದ್ದು ಅದು. ಈಗ ಕೈ ನೋಡಿ." ಮುದುಕನ ಅಂಗೈ ಕುರ್ಚಿಯ ತೋಳಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹಸುವಿನ ಬೆನ್ನು ಸವರಿದಂತೆ ಸವರಿತು. ಬಾಗಿಲ ಕಡೆ ನಡೆಯುತ್ತ ಡಬ್ಬಿಯ ತಲೆಯ ಮೇಲೆ ಎರಡು ಬಾರಿ ತಟ್ಟಿದ. "ಇಷ್ಟು ವರ್ಷ ಆ ಡಬ್ಬಿಯನ್ನು ಒಮ್ಮೆಯಾದರೂ ಮುಟ್ಟಿದ್ದಾನಾ? ಇಲ್ಲ. ಇವತ್ತು ಯಾಕೆ ಮುಟ್ಟಿದ?" ಉಮ್ಮ ಗುಂಡಿ ಒತ್ತಿದರು. ಚಿತ್ರ ನಿಂತು ನಡುಗಿತು. ಅದರಲ್ಲಿ ನೀಲಿಯ ಮುಖವಿತ್ತು. ಉಮ್ಮ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲಿ, ಕಣ್ಣಿನ ಕೆಳಗೆ. ನೀಲಿ ಬಣ್ಣ ಅಳಿಸಿ ಒಂದು ಗೆರೆ ಬಿದ್ದಿದೆ. ಕಥೆಯಲ್ಲಿ ಅಳುವ ಹಾಗೆ ಇದ್ದರೆ ಬಣ್ಣ ಹೋಗದ ಹಾಗೆ ಕಣ್ಣೀರು ತರಿಸುತ್ತಿದ್ದರು. ಇದು ಕಥೆಯ ಅಳು ಅಲ್ಲ. ಆ ಹುಡುಗಿ ನಿಜವಾಗಿ ಅತ್ತಿದ್ದಾಳೆ. ಅವರಿಗೆಲ್ಲ ಗೊತ್ತಿತ್ತು, ಮುದುಕನಿಗೆ ಇದು ಕೊನೆಯ ದಿನ ಅಂತ. ಹೇಳಲು ಬಿಡಲಿಲ್ಲವೋ, ಹೇಳಲು ಬಾಯಿ ಬರಲಿಲ್ಲವೋ, ದೇವರಿಗೆ ಗೊತ್ತು. ಆದರೆ ಹೇಳಿ ಹೋಗಿದ್ದಾನೆ."

ಮೈಮುನಾಳ ಕೈ ನಿಂತಿತ್ತು. ಗಿರಿಜಕ್ಕ ಮೊಣಕಾಲಿನಲ್ಲಿ ಸರಿದು ಪರದೆಯ ಹತ್ತಿರ ಹೋಗಿ ಆ ಗೆರೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಹೌದು ಮಾರಾಯ್ತಿ," ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಹಿಂದೆ ಬಂದು ಕೂತು, "ಹಾಕಿ ಉಮ್ಮ. ಆ ಹೊಸಬನನ್ನು ನೋಡುವ," ಎಂದಳು.

ಹೊಸಬ ಬಂದ. ಉಮ್ಮ ಅವನು ಕೂತಲ್ಲೇ ಚಿತ್ರ ನಿಲ್ಲಿಸಿದರು.

"ಹೇಗೆ ಕೂತಿದ್ದಾನೆ?"

"ಕುರ್ಚಿಯ ತುದಿಯಲ್ಲಿ," ಎಂದಳು ಮೈಮುನಾ.

"ಅತ್ತೆ ಮನೆಯಲ್ಲಿ ಮೊದಲ ದಿನ ನಾವೆಲ್ಲ ಕೂತ ಹಾಗೆ. ಅವನಿಗೆ ಹೆದರಿಕೆ. ಎಲ್ಲರೂ ಮುದುಕನನ್ನೇ ಹುಡುಕುತ್ತಾರೆ ಅಂತ ಅವನಿಗೂ ಗೊತ್ತುಂಟು. ಗಟ್ಟಿ ಮಾತಾಡುತ್ತಾನೆ, ಕೈ ಎಲ್ಲಿ ಇಡುವುದು ಅಂತ ಗೊತ್ತಾಗುವುದಿಲ್ಲ. ಪಾಪ!"

ಆ ಒಂದು 'ಪಾಪ'ದಿಂದ ಎಲ್ಲ ತಿರುಗಿತು. ಹದಿನೈದು ಹೆಂಗಸರು ಒಂದೇ ಮಧ್ಯಾಹ್ನದಲ್ಲಿ ಅವನನ್ನು ಮಡಿಲಿಗೆ ಹಾಕಿಕೊಂಡರು. ನೀಲಿ ಅವನ ಆಜ್ಞೆಗೆ ತಡವಾಗಿ ಎದ್ದರೆ ಬೈದರು. ಡಬ್ಬಿ ಅವನ ಹಿಂದೆ ಉರುಳಿಕೊಂಡು ಹೋದಾಗ, "ಡಬ್ಬಿ ಒಪ್ಪಿತು!" ಎಂದು ಸಂತೋಷಪಟ್ಟರು. ನಾಲ್ಕನೆಯ ವಾರವಿರಬೇಕು, ಉಲ್ಕೆಗಳ ಮಳೆಯಿಂದ ಹಡಗನ್ನು ಪಾರುಮಾಡಿದ ಮೇಲೆ ಅವನು ಮೊದಲ ಸಲ ಕುರ್ಚಿಗೆ ಬೆನ್ನು ಒರಗಿಸಿದ. ಯಾರೂ ಏನೂ ಹೇಳಿಕೊಡಲಿಲ್ಲ. ಚಾವಡಿಯಲ್ಲಿ ಒಮ್ಮೆಲೇ ಚಪ್ಪಾಳೆ! ಏನಾಯಿತೆಂದು ದಾರಿಯಲ್ಲಿ ಹೋಗುತ್ತಿದ್ದ ಗಂಡಸರು ಗೇಟಿನಲ್ಲಿ ನಿಂತು ಇಣುಕಿದರು. ಗಿರಿಜಕ್ಕ ಒಳಗಿನಿಂದಲೇ, "ನಮ್ಮ ಹುಡುಗ ಒರಗಿ ಕೂತ!" ಎಂದು ಕೂಗಿ ಹೇಳಿದಳು.

ಅಲ್ಲಿಂದ ಮೂರು ವರ್ಷ ನಮ್ಮ ಪದ್ಧತಿ ಬದಲಾಗಲಿಲ್ಲ. ಆದಿತ್ಯವಾರ ಬೆಳಿಗ್ಗೆ ಪರದೆಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಉಮ್ಮನಿಗೆ ತಿಳಿಸುತ್ತಿದ್ದೆ, ಶನಿವಾರ ಮಧ್ಯಾಹ್ನ ಅವರು ನಮಗೆಲ್ಲ ಕಥೆಯನ್ನು ಹೇಳುತ್ತಿದ್ದರು. ಇಂಧನದ ವಿಷಯ ಈಗ ತಪ್ಪದೆ ಬರುತ್ತಿತ್ತು. ತಾಯಿಗೆ ಕಾಗದವೂ ಬರುತ್ತಿತ್ತು. ನಾನು ತುಟಿ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವಾಗಲೂ ಮಕ್ಕಳ ಕೈ, ಕಣ್ಣು ನೋಡುವ ಅಭ್ಯಾಸ ನನಗೆ ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಎಲ್ಲದಕ್ಕೂ 'ಅರ್ಥವಾಯಿತು ಟೀಚರ್' ಎನ್ನುತ್ತಿದ್ದ ಹುಡುಗಿಯೊಬ್ಬಳಿಗೆ ಬೋರ್ಡಿನ ಅಕ್ಷರವೇ ಕಾಣಿಸುವುದಿಲ್ಲವೆಂದು ಹಾಗೆ ನೋಡಿಯೇ ನಾನು ಕಂಡುಹಿಡಿದದ್ದು. ಅವಳಿಗೆ ಕನ್ನಡಕ ಬಂದ ದಿನ ಉಮ್ಮ ಪಾಯಸ ಮಾಡಿದರು.

ನನಗೆ ಮದುವೆಯಾಗಿ ಕಾರ್ಕಳಕ್ಕೆ ವರ್ಗವಾಯಿತು. ಉಮ್ಮನ ಮಗ ಬೇರೆ ಕೆಲಸಕ್ಕೆ ಸೇರಿದ ಮೇಲೆ ಕ್ಯಾಸೆಟ್ ಬರುವುದು ನಿಂತಿತು. ಇದ್ದವುಗಳಿಗೆ ಕಡಲ ಗಾಳಿಗೆ ಬಿಳಿ ಬೂಷ್ಟು ಹಿಡಿದು, ಮೆಷಿನ್ ಅವನ್ನು ತಿನ್ನತೊಡಗಿತೆಂದು ಕಾಗದದಲ್ಲಿ ಬರೆಸಿದ್ದರು. ಆಮೇಲೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಉಮ್ಮ ಕಣ್ಣಿನ ಪೊರೆಯ ಆಪರೇಷನ್ನಿಗೆ ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು, ಒಂದು ಮಧ್ಯಾಹ್ನ ಮುಸುಂಬಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ವಾರ್ಡಿನ ಬಾಗಿಲಲ್ಲೇ ಆ ಧ್ವನಿ ಕೇಳಿಸಿತು. ಎಂಟು ಮಂಚ, ಎಂಟು ಮಂದಿ ಹೆಂಗಸರು, ಎಲ್ಲರ ಕಣ್ಣಿಗೂ ಬಿಳಿ ಪಟ್ಟಿ. ತಲೆ ಅಲ್ಲಾಡಿಸಬಾರದು, ನಗಬಾರದು ಎಂದು ಡಾಕ್ಟರ ಅಪ್ಪಣೆಯಾಗಿತ್ತಂತೆ. ಎಂಟೂ ಮುಖಗಳು ಮೇಲೆ ಮಾಡಿನ ಕಡೆ ತಿರುಗಿದ್ದವು, ಎಂಟೂ ಬಾಯಿಗಳು ನಗು ತಡೆಯುತ್ತಿದ್ದವು. ಔಷಧದ ತಟ್ಟೆ ಹಿಡಿದ ನರ್ಸ್ ನಡುವೆ ನಿಂತುಬಿಟ್ಟಿದ್ದಳು.

"ಆ ಹುಡುಗನೂ ನಿವೃತ್ತಿ ತೆಗೆದುಕೊಂಡ," ಉಮ್ಮ ಹೇಳುತ್ತಿದ್ದರು. "ಈಗ ಹೊಸ ತಂಡೇಲ ಯಾರು ಗೊತ್ತುಂಟಾ? ನೀಲಿ!"

"ಹೆಂಗಸಾ?" ಕೆಮ್ಮಣ್ಣಿನ ಅಜ್ಜಿಯೊಬ್ಬರು ಪಕ್ಕದ ಮಂಚದಿಂದ ಕೇಳಿದರು.

"ಯಾಕಾಗಬಾರದು? ಇಪ್ಪತ್ತು ವರ್ಷ ಆ ಕುರ್ಚಿಯ ಹಿಂದೆ ನಿಂತು ಎಲ್ಲ ನೋಡಿದ್ದಾಳೆ. ಹಡಗಿನ ಒಂದೊಂದು ಮೊಳೆಯ ಶಬ್ದ ಅವಳಿಗೆ ಗೊತ್ತುಂಟು. ಆದರೆ ಎಂಜಿನ್ ನಿಂತಿದೆ, ಎದುರಿನಿಂದ ಬೆಂಕಿಯ ಉಂಡೆ ಬರುತ್ತಾ ಉಂಟು..."

ಅಂಥದ್ದೊಂದು ಕಂತು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ನೀಲಿ ಕ್ಯಾಪ್ಟನ್ ಆದ ಕಥೆಯನ್ನು ಯಾವ ದೇಶದವರೂ ತೆಗೆದಿರಲಿಕ್ಕಿಲ್ಲ. ನಾನು ಹತ್ತಿರ ಹೋಗಿ ಅವರ ಕೈ ಹಿಡಿದೆ. ಅವರು ಬೆರಳು ತಡವಿ ನೋಡಿ, "ಸೀಮೆಸುಣ್ಣದ ಕೈ! ಟೀಚರ್ ಬಂದರು!" ಎಂದು ವಾರ್ಡಿಗೆಲ್ಲ ಸಾರಿದರು.

ನರ್ಸ್ ನನ್ನ ಹತ್ತಿರ ಸರಿದು ಮೆಲ್ಲನೆ ಕೇಳಿದಳು. "ಮೇಡಂ, ನಿಮಗೆ ಇಂಗ್ಲಿಷ್ ಬರುತ್ತದೆ ಅಂತ ಉಮ್ಮ ಹೇಳುತ್ತಿದ್ದರು. ಇದೆಲ್ಲ ನಿಜವಾಗಿ ಟಿ.ವಿ.ಯಲ್ಲಿ ಬಂದದ್ದಾ?"

ಅವಳು ಮೆಲ್ಲನೆ ಕೇಳಿದರೂ ಕಣ್ಣು ಕಟ್ಟಿದವರಿಗೆ ಕಿವಿ ಚುರುಕು. ನನ್ನ ಅಂಗೈಯಲ್ಲಿ ಉಮ್ಮನ ಕೈ ಅಲುಗಲಿಲ್ಲ.

"ಬಂದದ್ದೇ. ನಾನು ನೋಡಿದ್ದೇನೆ."

ಉಮ್ಮನ ಹೊಟ್ಟೆ ನಗುವಿನಿಂದ ಕುಲುಕಿತು. "ನಗಬಾರದು ಉಮ್ಮ, ಹೊಲಿಗೆ!" ಎಂದು ನರ್ಸ್ ಓಡಿಬಂದಳು. ಕೆಮ್ಮಣ್ಣಿನ ಅಜ್ಜಿಗೆ ಮಾತ್ರ ತಾಳ್ಮೆ ಮುಗಿದಿತ್ತು.

"ಅದೆಲ್ಲ ಇರಲಿ ಮಾರಾಯ್ತಿ. ಎಂಜಿನ್ ಸ್ಟಾರ್ಟ್ ಆಯಿತಾ ಇಲ್ಲವಾ?"

ಉಮ್ಮ ಉಸಿರು ತೆಗೆದುಕೊಳ್ಳುವ ಮೊದಲೇ, "ಆಯಿತು ಅಜ್ಜಿ," ಎಂದವಳು ನಾನು. "ಮೂರನೆಯ ಸಲಕ್ಕೆ ಆಯಿತು. ಆದರೆ ಸ್ಟಾರ್ಟ್ ಮಾಡಿದ್ದು ನೀಲಿ ಅಲ್ಲ..."